ಈಳಂ ನಕಾಶೆಯಲ್ಲಿ ತಮಿಳುನಾಡು ಇತ್ತಾ?

ಪ್ರಶ್ನೆ: ಎಲ್‌ಟಿಟಿಇಯವರು (ಶ್ರೀಲಂಕಾದ ತಮಿಳು ಹುಲಿಗಳು) ಕೇಳುತ್ತಿದ್ದ ತಮಿಳು ಈಳಂ ಎಂಬ ಪ್ರತ್ಯೇಕ ದೇಶದಲ್ಲಿ ನಮ್ಮ ಪಕ್ಕದ ತಮಿಳುನಾಡೂ ಸೇರಿತ್ತಾ?

ಇರಲಿಲ್ಲ. ಆದರೆ ಅನುಮಾನ ಸಹಜವೇ. ರಾಜೀವ್ ಗಾಂಧಿ ಹತ್ಯೆಯ ನಂತರ ಅದನ್ನು ನಡೆಸಿದ ಎಲ್‌ಟಿಟಿಇಯ ಶಿವರಾಸನ್ ಗುಂಪು 1991ರ ಆಗಸ್ಟ್‌ನಲ್ಲಿ ಬೆಂಗಳೂರಿನ ಕೋಣನಕುಂಟೆಯ ಮನೆಯೊಂದರಲ್ಲಿ ಹೆಣವಾಗಿ ಸಿಕ್ಕಿದ್ದು ಹಲವರಿಗೆ ಇನ್ನೂ ನೆನಪಿದೆ. ಮರುವರ್ಷ ಸಂಘಟನೆಯನ್ನು ನಿಷೇಧಿಸಿದ ಭಾರತ ಸರ್ಕಾರವೂ ಈಳಂ ಬೇಡಿಕೆಯಿಂದ ದೇಶದ ಅಖಂಡತೆಗೆ ಅಪಾಯ ಎಂದೇ ವಾದಿಸಿತು. ಹುಲಿಗಳ ನಕಾಶೆ ಮಾತ್ರ ಭಾರತ, ಶ್ರೀಲಂಕಾ ನಡುವಿನ ಪಾಕ್ ಜಲಸಂಧಿಯನ್ನು ದಾಟುತ್ತಿರಲಿಲ್ಲ. ಶ್ರೀಲಂಕಾದ ಉತ್ತರ ಮತ್ತು ಪೂರ್ವ ಪ್ರಾಂತ್ಯ, ಜೊತೆಗೆ ಪುತ್ತಳಂ ಕಡೆಯ ಕರಾವಳಿ, ಅಷ್ಟೇ.

ಬೇಡಿಕೆ ಎಲ್‌ಟಿಟಿಇ ನಾಯಕ ಪ್ರಭಾಕರನ್ ತಲೆಯಲ್ಲಿ ಹುಟ್ಟಿದ್ದೂ ಅಲ್ಲ. 1956ರಲ್ಲಿ ಸಿಂಹಳವೊಂದೇ ಆಡಳಿತ ಭಾಷೆಯಾಯಿತು. ತಮಿಳರಿಗೆ ಒಂದಿಷ್ಟು ಪ್ರಾದೇಶಿಕ ಅಧಿಕಾರ ಕೊಡಲು ಪ್ರಧಾನಿ ಬಂಡಾರನಾಯಿಕೆ 1957ರಲ್ಲಿ ತಮಿಳು ನಾಯಕ ಚೆಲ್ವನಾಯಕಂ ಜೊತೆ ಮಾಡಿಕೊಂಡ ಒಪ್ಪಂದವನ್ನು ಭಿಕ್ಷುಗಳ ಪ್ರತಿಭಟನೆಗೆ ಮಣಿದು ಅವರೇ ಕೈಬಿಟ್ಟರು. 70ರ ದಶಕದಲ್ಲಿ ಮೆಡಿಕಲ್, ಎಂಜಿನಿಯರಿಂಗ್ ಸೀಟಿಗೆ ತಮಿಳು ಮಾಧ್ಯಮದ ಮಕ್ಕಳು ಸಿಂಹಳ ಮಾಧ್ಯಮದವರಿಗಿಂತ ಹೆಚ್ಚು ಅಂಕ ತೆಗೆಯಬೇಕಾಯಿತು. ಒಕ್ಕೂಟ ವ್ಯವಸ್ಥೆ ಕೇಳಿ ಕೇಳಿ ಸೋತ ಚೆಲ್ವನಾಯಕಂ ಅವರ ಮುಂದಾಳತ್ವದಲ್ಲೇ 1976ರ ಮೇನಲ್ಲಿ ಜಾಫ್ನಾ ಬಳಿಯ ವಟ್ಟುಕ್ಕೋಟ್ಟೈಯಲ್ಲಿ ಪ್ರತ್ಯೇಕ ದೇಶದ ನಿರ್ಣಯವಾಯಿತು. ಎಲ್‌ಟಿಟಿಇ ಹುಟ್ಟಿದ್ದೂ ಅದೇ ತಿಂಗಳು.

ಈ ಬೇಡಿಕೆಗೆ ಹುಲಿಗಳು ಸೇರಿಸಿದ್ದು ಎರಡು: ಬಂದೂಕು, ಮತ್ತು ತಮಿಳರ ಪರ ಮಾತಾಡಲು ತಾವೊಬ್ಬರೇ ಎಂಬ ಹಟ. ನನ್ನ ಪ್ರಕಾರ ಎರಡನೆಯದೇ ಹೆಚ್ಚು ಕೆಡಿಸಿತು. 1986ರಲ್ಲಿ ಟೆಲೊ ಎಂಬ ಇನ್ನೊಂದು ತಮಿಳು ಗುಂಪನ್ನೇ ಕೊಂದು ಮುಗಿಸಿದರು. 1989ರಲ್ಲಿ ಹಿರಿಯ ತಮಿಳು ನಾಯಕ ಅಮೃತಲಿಂಗಂ ಅವರಿಗೆ ಗುಂಡಿಟ್ಟರು. 1990ರ ಅಕ್ಟೋಬರ್‌ನಲ್ಲಿ ಜಾಫ್ನಾದ ಮುಸ್ಲಿಮರಿಗೆ ಊರು ಬಿಡಲು ಕೊಟ್ಟದ್ದು ಎರಡೇ ಗಂಟೆ. ಆ ಮುಸ್ಲಿಮರ ಮನೆಮಾತೂ ತಮಿಳೇ!

ಪ್ರತ್ಯೇಕ ದೇಶಕ್ಕಿಂತ ಕಡಿಮೆಯದಕ್ಕೆ ಒಪ್ಪುತ್ತಿದ್ದರಾ? 2002ರ ಡಿಸೆಂಬರ್‌ನಲ್ಲಿ ಓಸ್ಲೊದ ಶಾಂತಿ ಮಾತುಕತೆಯಲ್ಲಿ ಒಕ್ಕೂಟದ ದಾರಿ ಪರಿಶೀಲಿಸಲು ಒಪ್ಪಿದ್ದರು. ಮರುವರ್ಷ ಮುಂದಿಟ್ಟ ಮಧ್ಯಂತರ ಆಡಳಿತದ ಕರಡಿನಲ್ಲಿ ತೆರಿಗೆ, ಭೂಮಿ, ವಿದೇಶಿ ಸಾಲ ಎಲ್ಲ ತಮಗೇ ಬೇಕೆಂದರು. ದೇಶ ಎಂಬ ಹೆಸರೊಂದು ಮಾತ್ರ ಇರಲಿಲ್ಲ.

ಅಷ್ಟರಲ್ಲಿ ಉತ್ತರದ ಕಿಳಿನೊಚ್ಚಿಯಲ್ಲಿ ಅವರದೇ ಪೊಲೀಸು, ಕೋರ್ಟು, ಬ್ಯಾಂಕು ನಡೆಯುತ್ತಿದ್ದವು. ನೋಟು ಮಾತ್ರ ಶ್ರೀಲಂಕಾ ರೂಪಾಯಿ. ಸಮಯವೂ ಬೇರೆ: 1996ರಲ್ಲಿ ಕೊಲಂಬೊ ಗಡಿಯಾರ ಮುಂದಕ್ಕೆ ತಿರುಗಿಸಿದಾಗ ಇವರು ಒಪ್ಪಿರಲಿಲ್ಲ. ಕದನ ವಿರಾಮದ ದಿನಗಳಲ್ಲಿ ಹುಲಿಗಳ ಪ್ರದೇಶದ ಗಡಿಯಲ್ಲಿದ್ದ ಓಮಂತೈ ಚೆಕ್‌ಪೋಸ್ಟ್ ದಾಟಿ ಉತ್ತರಕ್ಕೆ ಹೋದರೆ ಅರ್ಧ ಗಂಟೆ ಹಿಂದೆ. 2006ರಲ್ಲಿ ಕೊಲಂಬೊವೇ ಹಳೆಯ ಸಮಯಕ್ಕೆ ಮರಳಿತು. ಮೂರು ವರ್ಷಕ್ಕೆ ಕೊನೆಯ ಕಾಳಗ ನಡೆದ ಮುಳ್ಳಿವಾಯ್ಕಾಲ್‌ನ ಮರಳಿನಲ್ಲಿ ಹುಲಿಗಳ ಆಡಳಿತವೂ ಮುಗಿಯಿತು.