ಮುಳ್ಳು ಕೆಂಪಿಗೆ ಇಳಿದಿದ್ದರೆ ಹ್ಯಾಂಡಲ್ ಮುಟ್ಟಬೇಡಿ

ಆರ್‌ಎಂಯುನ (ರಿಂಗ್ ಮೇನ್ ಯೂನಿಟ್, ಅಂದರೆ ಎರಡು ಕಡೆಯಿಂದ ಸಪ್ಲೈ ಬರುವ ಹೈ ವೋಲ್ಟೇಜ್ ಸ್ವಿಚ್‌ಗಳ ಪೆಟ್ಟಿಗೆ) ಗ್ಯಾಸ್ ಗೇಜ್ ಮುಳ್ಳು ಕೆಂಪಿಗೆ ಇಳಿದಿದೆ, ಅಂದರೆ ಒಳಗಿನ ಗ್ಯಾಸ್ ಕಡಿಮೆಯಾಗಿದೆ ಎಂದು ಫೋನ್ ಬರುತ್ತದೆ. ಜೊತೆಗೇ ಇನ್ನೊಂದು ಮಾತು: "ಗಾಬರಿ ಬೇಡ ಸರ್, ಸೇಫ್ಟಿಗೆ ಅಂತ ಈಗಲೇ ಸ್ವಿಚ್ ಆಫ್ ಮಾಡಿಬಿಡ್ತೀವಿ." ನನಗೆ ಗಾಬರಿ ಶುರುವಾಗುವುದೇ ಆ ಮಾತಿನಿಂದ.

ಲೋಡ್ ಇರುವ ಸ್ವಿಚ್ ತೆರೆದಾಗ ಕಾಂಟ್ಯಾಕ್ಟ್‌ಗಳ ನಡುವೆ ಆರ್ಕ್, ಅಂದರೆ ಉರಿಯುವ ವಿದ್ಯುತ್ ಕಿಡಿ, ಹುಟ್ಟುತ್ತದೆ. ಅದನ್ನು ನಂದಿಸುವುದೇ ಒಳಗಿರುವ ಎಸ್‌ಎಫ್6 ಗ್ಯಾಸ್. ಗ್ಯಾಸ್ ಸಾಲದಿದ್ದರೆ ಆರ್ಕ್ ನಂದದೆ ಉರಿಯುತ್ತಲೇ ಇರಬಹುದು, ಟ್ಯಾಂಕಿನೊಳಗೆ ಒತ್ತಡ ಏರಿ ರಿಲೀಫ್ ಡಿಸ್ಕ್ (ಒತ್ತಡ ಮಿತಿಮೀರಿದರೆ ಒಡೆಯುವ ತಟ್ಟೆ) ಒಡೆದು ಬೆಂಕಿಯಂಥ ಗಾಳಿ ಹೊರಗೆ ನುಗ್ಗಬಹುದು, ಆ ಹೊತ್ತಿಗೆ ಹ್ಯಾಂಡಲ್ ಹಿಡಿದವನು ಅಲ್ಲೇ ಎದುರಿಗೆ ನಿಂತಿರುತ್ತಾನೆ.

"ಕರೆಂಟ್ ಸರಿಯಾಗೇ ಹೋಗ್ತಿದೆಯಲ್ಲ" ಅಂತಾರೆ. ಹೋಗುತ್ತದೆ. ಸ್ವಿಚ್ ಆನ್ ಇರುವಾಗ ಸುಮ್ನೆ ಹರಿಯುವ ಕರೆಂಟಿಗೆ ಆರ್ಕ್ ನಂದಿಸುವವರು ಬೇಕಿಲ್ಲ. ಕೆಲವು ಯೂನಿಟ್‌ಗಳಲ್ಲಿ ಗೇಜ್ ಸೊನ್ನೆ ತೋರಿಸಿದಾಗಲೂ (ಗೇಜ್ ತೋರಿಸುವುದು ಹೊರಗಿನ ಗಾಳಿಯ ಒತ್ತಡಕ್ಕಿಂತ ಎಷ್ಟು ಹೆಚ್ಚು ಎಂಬುದನ್ನು ಮಾತ್ರ) ಒಳಗೆ ಉಳಿದ ಗ್ಯಾಸ್ ಮಾಮೂಲಿ ವೋಲ್ಟೇಜನ್ನು ತಡೆದುಕೊಳ್ಳುತ್ತದೆ. ಆದರೆ ಕರೆಂಟನ್ನು ಕಡಿಯುವುದು ಬೇರೆಯೇ ಕೆಲಸ. ಲೈನನ್ನು ಭೂಮಿಗೆ ಜೋಡಿಸುವ ಅರ್ತ್ ಸ್ವಿಚ್‌ಗೂ ಇದೇ ಮಾತು, ಅದನ್ನೂ ಮುಟ್ಟಬೇಡಿ. ವ್ಯಾಕ್ಯೂಮ್ ಬ್ರೇಕರ್ ಇದ್ದರೆ ಆರ್ಕ್ ಅದರ ಗಾಳಿಯಿಲ್ಲದ ಬಾಟಲಿಯೊಳಗೇ ನಂದುತ್ತದೆ, ನಿಜ. ಆದರೂ ಪಕ್ಕದ ಡಿಸ್ಕನೆಕ್ಟರ್ (ಲೈನನ್ನು ಬೇರ್ಪಡಿಸುವ ಸ್ವಿಚ್) ಸಾಮಾನ್ಯವಾಗಿ ಅದೇ ಗ್ಯಾಸ್‌ನಲ್ಲಿ ಇರುತ್ತದೆ, ಹಾಗಾಗಿ ತಯಾರಕರ ಮ್ಯಾನ್ಯುಯಲ್ ನೋಡದೆ ನಾನಂತೂ ಏನೂ ಹೇಳಲ್ಲ.

ಮೊದಲು ಜನರನ್ನು ದೂರ ಕಳಿಸಿ. ಆಮೇಲೆ ಈ ಯೂನಿಟ್‌ಗೆ ಸಪ್ಲೈ ಕಳಿಸುವ ಆಚೆ ಕಡೆಯ ಬ್ರೇಕರ್‌ನಿಂದ ಸಪ್ಲೈ ತೆಗೆಸಿ. ರಿಂಗ್ ಅಲ್ವಾ, ಎರಡೂ ಕಡೆಯಿಂದ ತೆಗೆಸಬೇಕು. ಟ್ರಾನ್ಸ್‌ಫಾರ್ಮರ್ ಕೆಳಗೆ ಜನರೇಟರ್ ಇದ್ದರೆ ಅದನ್ನೂ ಮರೆಯಬೇಡಿ.

ಒಂದು ಸೈಟಿನಲ್ಲಿ "ಬೇಗ ಆಫ್ ಮಾಡೋ" ಎಂದು ಮೇಲಿನವರು ಕೂಗುತ್ತಿದ್ದರೂ ಆಪರೇಟರ್ ಹುಡುಗ ಹ್ಯಾಂಡಲ್ ಕೆಳಗಿಟ್ಟು "ಮುಳ್ಳು ಕೆಂಪಲ್ಲಿದೆ, ನಾನು ಮುಟ್ಟಲ್ಲ" ಅಂದ. ಚೆನ್ನಾಗಿ ಬೈಸಿಕೊಂಡ. ಸಪ್ಲೈ ತೆಗೆಸುವಷ್ಟರಲ್ಲಿ ತಡವಾಯಿತು, ಅಷ್ಟೇ. ಆ ಹುಡುಗನ ಮೇಲೆ ನನಗೆ ಈಗಲೂ ಜಾಸ್ತಿ ಅಭಿಮಾನ.

ಮುಳ್ಳನ್ನು ಓದುವುದರಲ್ಲೂ ಎಚ್ಚರ ಬೇಕು. ಮುಖ್ಯವಾದದ್ದು ಗ್ಯಾಸ್‌ನ ಸಾಂದ್ರತೆ, ಬರೀ ಒತ್ತಡ ಅಲ್ಲ. 20 ಡಿಗ್ರಿಯಲ್ಲಿ 0.4 ಬಾರ್ ತೋರಿಸುವ ಸಾದಾ ಗೇಜ್, ಒಳಗಿನ ಗ್ಯಾಸ್ 40 ಡಿಗ್ರಿಗೆ ಏರಿದರೆ ಹತ್ತಿರಹತ್ತಿರ 0.5 ತೋರಿಸುತ್ತದೆ. ಒಂದು ಹನಿ ಗ್ಯಾಸ್ ಸೇರಿಲ್ಲ. ಮಧ್ಯಾಹ್ನದ ಬಿಸಿಯಲ್ಲಿ ಸೋರಿಕೆ ಹೀಗೇ ಮುಚ್ಚಿಹೋಗುತ್ತದೆ. ನಿಮ್ಮ ಗೇಜ್ ತಾಪಮಾನ ಸರಿದೂಗಿಸುವ ಬಗೆಯದೋ ಅಲ್ಲವೋ, ಮೊದಲು ತಿಳಿದುಕೊಳ್ಳಿ.

"ಸ್ವಲ್ಪ ಗ್ಯಾಸ್ ತುಂಬಿಬಿಡಿ" ಎನ್ನುವವರೂ ಇದ್ದಾರೆ. ಸೀಲ್ ಮಾಡಿದ ಟ್ಯಾಂಕಿನ ಸೋರಿಕೆ ವರ್ಷಕ್ಕೆ ಸುಮಾರು ಶೇ 0.1ರ ಮಟ್ಟದ್ದು. ಆ ಲೆಕ್ಕದಲ್ಲಿ ಮುಳ್ಳು ಇಷ್ಟು ಬೇಗ ಕೆಂಪಿಗೆ ಬರುವುದೇ ಇಲ್ಲ. ಬಂದಿದೆ ಎಂದರೆ ಗೇಜ್ ಕೆಟ್ಟಿರಬೇಕು, ಇಲ್ಲವೇ ಎಲ್ಲೋ ತೂತಿದೆ. ಇನ್ನು ಒಳಗೆ ಆರ್ಕ್ ಆಗಿಹೋಗಿದ್ದರೆ, ಕೊಳೆತ ಮೊಟ್ಟೆಯ ವಾಸನೆಯೋ ಬಿಳಿ ಪುಡಿಯೋ ಕಂಡರೆ, ಕೋಣೆಗೆ ಕಾಲಿಡಬೇಡಿ, ಕೇಬಲ್ ಟ್ರೆಂಚಿಗೆ ಇಳಿಯಲೇಬೇಡಿ: ಆ ಪುಡಿ ವಿಷ, ಮತ್ತು ಗಾಳಿಗಿಂತ ಸುಮಾರು 5 ಪಟ್ಟು ಭಾರವಾದ ಈ ಗ್ಯಾಸ್ ತಗ್ಗಿನಲ್ಲೇ ತುಂಬಿಕೊಂಡಿರುತ್ತದೆ.