ಬೆಂಕಿ ಒತ್ತುವ ಸ್ವಿಚ್ಚು

ಪೇಪರಲ್ಲಿ ಯಾವ ಬೆಂಕಿ ಸುದ್ದಿ ಓದಿದ್ರೂ ಕೊನೇ ಸಾಲು ಹೆಚ್ಚುಕಮ್ಮಿ ಒಂದೇ ಇರತ್ತೆ, ಶಾರ್ಟ್ ಸರ್ಕ್ಯೂಟ್‌ನಿಂದ ಬೆಂಕಿ ಹೊತ್ತಿಕೊಂಡಿರಬಹುದು ಎಂದು ಶಂಕಿಸಲಾಗಿದೆ ಅಂತ. ಇದನ್ನೇ ಓದಿ ಓದಿ ಶಾರ್ಟ್ ಸರ್ಕ್ಯೂಟ್ ಮೊದಲು, ಬೆಂಕಿ ಆಮೇಲೆ ಅನ್ನೋದು ನಮ್ಮ ತಲೇಲಿ ಗಟ್ಟಿಯಾಗಿ ಕೂತ್ಬಿಟ್ಟಿದೆ. ಆದ್ರೆ ಅಣು ವಿದ್ಯುತ್ ಸ್ಥಾವರಗಳಲ್ಲಿ ಬೆಂಕಿ ಸುರಕ್ಷತೆ ನೋಡ್ಕೊಳ್ಳೋ ಎಂಜಿನಿಯರ್‌ಗಳನ್ನ ಕೇಳಿ, ಅವರು ತಲೆ ಕೆಡಿಸ್ಕೊಳ್ಳೋದು ಇದರ ಉಲ್ಟಾ ವಿಷಯಕ್ಕೆ. ಬೆಂಕಿ ಮೊದಲು, ಶಾರ್ಟ್ ಸರ್ಕ್ಯೂಟ್ ಆಮೇಲೆ. ಆ ಆಮೇಲಿನದ್ದೇ ನಿಜವಾದ ಅಪಾಯ.

ಕೈಗಾ ವಿಷಯ ಬಂದಾಗೆಲ್ಲ ಯಾರಾದ್ರೂ ಒಬ್ರು ಕೇಳೇ ಕೇಳ್ತಾರೆ, ಅಲ್ಲಿ ಬೆಂಕಿ ಬಿದ್ರೆ ಬಾಂಬ್ ಥರ ಸಿಡಿಯತ್ತಲ್ವಾ ಅಂತ. ಇಲ್ಲ. ಕೈಗಾದಲ್ಲಿ ಉರಿಸೋದು ಸಹಜ ಯುರೇನಿಯಂ, ಅದು ಬಾಂಬ್ ಆಗೋಕೆ ಸಾಧ್ಯನೇ ಇಲ್ಲ, ಈ ಮಾತು ಇಲ್ಲಿಗೆ ಬಿಡೋಣ. ಹೆದರಬೇಕಾದ್ದು ಬೇರೆ ಇದೆ. ರಿಯಾಕ್ಟರ್ ಆಫ್ ಮಾಡಿದ್ರೂ ಅದು ಪೂರ್ತಿ ಆಫ್ ಆಗಲ್ಲ. ನಿಲ್ಸಿದ ಕ್ಷಣದಲ್ಲೂ ಮೊದಲಿನ ಶಾಖದ ಶೇಕಡಾ 6-7ರಷ್ಟು ಬರ್ತಾನೇ ಇರತ್ತೆ, ಒಂದು ಗಂಟೆ ಆದ್ಮೇಲೆ ಶೇಕಡಾ ಒಂದೂವರೆ, ಒಂದು ದಿನ ಕಳೆದ್ರೂ ಅರ್ಧ ಶೇಕಡಾ. ಕೈಗಾದ ಒಂದು ಯೂನಿಟ್ 220 ಮೆಗಾವ್ಯಾಟ್ ಕರೆಂಟ್ ಕೊಡೋಕೆ ಸುಮಾರು 750 ಮೆಗಾವ್ಯಾಟ್ ಶಾಖ ಹುಟ್ಟಿಸತ್ತೆ, ಅಂದ್ರೆ ನಿಲ್ಸಿದ ತಕ್ಷಣವೂ 45 ಮೆಗಾವ್ಯಾಟ್ ಮೇಲೆ ಉಳ್ಕೊಂಡಿರತ್ತೆ, ಸ್ನಾನದ ಬಕೆಟ್‌ಗೆ ಇಳಿಬಿಡೋ ಒಂದು ಕಿಲೋವ್ಯಾಟ್ ಕಾಯಿಲ್‌ಗಳು 45 ಸಾವಿರ ಒಟ್ಟಿಗೆ ಕಾಯ್ತಾ ಇದ್ದ ಹಾಗೆ. ಇದಕ್ಕೆ ನೀರು ಹೋಗ್ತಾನೇ ಇರ್ಬೇಕು. ನೀರು ಹೋಗೋಕೆ ಪಂಪ್ ತಿರುಗ್ಬೇಕು, ವಾಲ್ವ್ ತೆಗೀಬೇಕು, ಪಂಪ್‌ಗೂ ವಾಲ್ವ್‌ಗೂ ಆರ್ಡರ್ ಹೋಗೋದು ಹೆಬ್ಬೆರಳು ಗಾತ್ರದ ಕೇಬಲ್‌ನಲ್ಲಿ. ಕಾಂಕ್ರೀಟ್ ಗೋಡೆ ಮೀಟರ್‌ಗಟ್ಲೆ ದಪ್ಪ ಇರಬಹುದು, ಆದ್ರೆ ಜೀವ ಇರೋದು ಆ ಕೇಬಲ್‌ನಲ್ಲಿ.

ಇದು ಜಗತ್ತಿಗೆ ಅರ್ಥ ಆಗಿದ್ದು 1975ರ ಮಾರ್ಚ್ 22ರಂದು, ಒಂದು ಮೇಣದಬತ್ತಿಯಿಂದ.

ಅಮೆರಿಕದ ಅಲಬಾಮಾ ರಾಜ್ಯದಲ್ಲಿ ಟೆನೆಸಿ ನದಿ ದಂಡೆ ಮೇಲೆ ಬ್ರೌನ್ಸ್ ಫೆರಿ ಅಂತ ಸ್ಥಾವರ ಇದೆ. ಹತ್ತಿರದ ಊರಿನ ಹೆಸರು ಅಥೆನ್ಸ್, ಗ್ರೀಸಿಂದಲ್ಲ, ಅಲಬಾಮಾದ್ದು, ಈ ಊರಿನ ಫೈರ್ ಚೀಫ್ ಮುಂದೆ ಬರ್ತಾರೆ. ಆವತ್ತು ಅಲ್ಲಿ ಎರಡು ರಿಯಾಕ್ಟರ್ ಫುಲ್ ಪವರ್‌ನಲ್ಲಿ ಓಡ್ತಿದ್ವು, ಮೂರನೇದು ಇನ್ನೂ ಕಟ್ತಾ ಇದ್ರು. ಕಂಟ್ರೋಲ್ ರೂಮ್ ಕೆಳಗೆ ಕೇಬಲ್ ಸ್ಪ್ರೆಡಿಂಗ್ ರೂಮ್ ಅಂತ ಒಂದಿರತ್ತೆ, ಮೇಲಿಂದ ಇಳಿಯೋ ಸಾವಿರಾರು ಕೇಬಲ್ ಅಲ್ಲಿ ಕವಲೊಡೆದು ಟ್ರೇಗಳ ಮೇಲೆ ದಿಕ್ಕುದಿಕ್ಕಿಗೆ ಹೋಗತ್ವೆ, ಆಲದ ಮರದ ಬೇರಿನ ಥರ. ಗೋಡೆ ದಾಟೋ ಕಡೆಯೆಲ್ಲ ಸಂದು ಮುಚ್ಚಬೇಕು, ಯಾಕಂದ್ರೆ ರಿಯಾಕ್ಟರ್ ಕಟ್ಟಡದ ಒಳಗೆ ಗಾಳಿ ಒತ್ತಡ ಬೇಕಂತ್ಲೇ ಸ್ವಲ್ಪ ಕಮ್ಮಿ ಇಟ್ಟಿರ್ತಾರೆ, ಒಳಗಿನ ಗಾಳಿ ಹೊರಗೆ ಸೋರಬಾರ್ದು ಅಂತ. ಸಂದು ಮುಚ್ಚೋಕೆ ಬಳಸಿದ್ದು ಪಾಲಿಯುರೆಥೇನ್ ಫೋಮ್. ಗಾಳಿ ಇನ್ನೂ ಸೋರ್ತಿದ್ಯಾ ಅಂತ ನೋಡೋಕೆ ಬಳಸಿದ್ದು ಹಚ್ಚಿದ ಮೇಣದಬತ್ತಿ. ಜ್ವಾಲೆ ಬಾಗಿದ್ರೆ ಸೋರಿಕೆ ಇದೆ ಅಂತ ಅರ್ಥ. ಒಂದು ಕೈಯಲ್ಲಿ ಸುಲಭವಾಗಿ ಹೊತ್ತೋ ಫೋಮ್, ಇನ್ನೊಂದು ಕೈಯಲ್ಲಿ ಬೆಂಕಿ, ಎರಡು ದಿನದ ಹಿಂದಷ್ಟೇ ಇದೇ ರೀತಿ ಸಣ್ಣದಾಗಿ ಹೊತ್ತಿ ಆರಿಸಿದ್ರು, ಆದ್ರೂ ಮೇಣದಬತ್ತಿ ಹಾಗೇ ಮುಂದುವರೀತು. ಅದನ್ನ ಹಿಡಿದಿದ್ದವರದ್ದು ತಪ್ಪು ಅಂತ ನಂಗೆ ಅನ್ಸಲ್ಲ, ಅವರಿಗೆ ಹೇಳಿಕೊಟ್ಟ ವಿಧಾನವೇ ಅದು. ಮಧ್ಯಾಹ್ನ 12.20ರ ಹೊತ್ತಿಗೆ ಸುಮಾರು ಎರಡಿಂಚು ನಾಲ್ಕಿಂಚಿನ ಒಂದು ತೂತು ಮೇಣದಬತ್ತಿಯ ಜ್ವಾಲೆನ ಒಳಕ್ಕೆ ಎಳ್ಕೊಂಡ್ಬಿಡ್ತು. ಅತ್ತ ಕಡೆ ರಿಯಾಕ್ಟರ್ ಕಟ್ಟಡ, ಸೆಳೆಯೋ ಗಾಳಿ, ಒಲೆಗೆ ಊದುಕೊಳವೆ ಇಟ್ಟ ಹಾಗೆ.

ಬೆಂಕಿ ಉರಿದಿದ್ದು ಸುಮಾರು ಏಳು ಗಂಟೆ. ಸುಟ್ಟಿದ್ದು 1,600ಕ್ಕೂ ಹೆಚ್ಚು ಕೇಬಲ್, ಅದ್ರಲ್ಲಿ 600ಕ್ಕೂ ಹೆಚ್ಚು ಸುರಕ್ಷತೆಗೆ ಸಂಬಂಧಪಟ್ಟವು. ವಿಕಿರಣ ಸೋರ್ಲಿಲ್ಲ, ಯಾರೂ ಸಾಯ್ಲಿಲ್ಲ. ಆದ್ರೆ ಕಂಟ್ರೋಲ್ ರೂಮ್‌ನಲ್ಲಿ ಏನಾಯ್ತು ಅನ್ನೋದೇ ನಾನು ಹೇಳ್ಬೇಕಂತಿರೋದು. ರಿಯಾಕ್ಟರ್‌ನಲ್ಲಿ ನೀರು ಬೇಕಾದಷ್ಟಿದೆ, ಆದ್ರೂ ತುರ್ತು ನೀರಿನ ಪಂಪ್‌ಗಳು ತಾವಾಗೇ ಸ್ಟಾರ್ಟ್ ಆದ್ವು. ಆಪರೇಟರ್ ನಿಲ್ಸಿದ್ರು. ಮತ್ತೆ ಸ್ಟಾರ್ಟ್ ಆದ್ವು. ಪ್ಯಾನೆಲ್ ಮೇಲಿನ ದೀಪಗಳು ಕೆಲವು ಪ್ರಖರವಾಗಿ ಉರಿದ್ವು, ಕೆಲವು ಮಂಕಾದ್ವು, ಕೆಲವು ಆರೇ ಹೋದ್ವು. 12.51ಕ್ಕೆ ಒಂದನೇ ಯೂನಿಟ್ ಕೈಯಾರೆ ನಿಲ್ಸಿದ್ರು. ಅಷ್ಟೊತ್ತಿಗೆ ನಿಜವಾಗ್ಲೂ ಬೇಕಾದಾಗ ಆ ತುರ್ತು ಪಂಪ್‌ಗಳಲ್ಲಿ ಒಂದೂ ಇಲ್ಲ. ಬೇಡದಾಗ ಓಡಿದ್ದು, ಬೇಕಾದಾಗ ಸತ್ತಿದ್ದು.

ಇದಕ್ಕೆ ಹಾಟ್ ಶಾರ್ಟ್ ಅಂತ ಹೆಸರು. ಇದನ್ನ ನಿಧಾನವಾಗಿ ಹೇಳ್ತೀನಿ, ಯಾಕಂದ್ರೆ ಕೇಬಲ್ ಸುಟ್ರೆ ಕರೆಂಟ್ ಹೋಗತ್ತೆ, ಅಷ್ಟೇ ತಾನೆ ಅಂತ ಓದಿದವರೂ ಅನ್ಕೊಂಡಿರ್ತಾರೆ. ಕೇಬಲ್ ಸಾಯೋ ಮುಂಚೆ ಮಾತಾಡತ್ತೆ. ಒಂದು ಕಂಟ್ರೋಲ್ ಕೇಬಲ್ ಸೀಳಿದ್ರೆ ಒಳಗೆ ಏಳು ವೈರ್ ಇವೆ ಅನ್ಕೊಳ್ಳಿ. ಒಂದರಲ್ಲಿ ಯಾವಾಗ್ಲೂ ಕರೆಂಟ್ ಇರತ್ತೆ. ಇನ್ನೊಂದಕ್ಕೆ ಕರೆಂಟ್ ಬಂದ್ರೆ ವಾಲ್ವ್ ತೆಗೆಯತ್ತೆ, ಮತ್ತೊಂದಕ್ಕೆ ಬಂದ್ರೆ ಮುಚ್ಚತ್ತೆ. ನೀವು ಕಂಟ್ರೋಲ್ ರೂಮ್‌ನಲ್ಲಿ ಸ್ವಿಚ್ ತಿರುಗಿಸೋದು ಅಂದ್ರೆ ಏನು, ಮೊದಲನೇ ವೈರನ್ನ ಎರಡನೇದಕ್ಕೆ ಮುಟ್ಟಿಸೋದು. ಬೆಂಕಿ ಮಾಡೋದೂ ಅದನ್ನೇ! ಬಿಸಿಗೆ ಕರಗೋ ಜಾತಿ ಪ್ಲಾಸ್ಟಿಕ್ ಆದ್ರೆ 205 ಡಿಗ್ರಿ ಸೆಲ್ಸಿಯಸ್ ದಾಟಿದ್ರೆ, ಕರಗದ ಗಟ್ಟಿ ಜಾತಿ ಆದ್ರೆ 330 ದಾಟಿದ್ರೆ ಕೇಬಲ್ ಕೈಬಿಡ್ತು ಅಂತ ಲೆಕ್ಕ. ಮೇಲಿನ ಹೊದಿಕೆ ಹೋಗಿ ಎರಡು ತಾಮ್ರ ಒಂದಕ್ಕೊಂದು ತಾಗಿದ್ರೆ ಸ್ವಿಚ್ ಒತ್ತಿದ ಹಾಗೇ ಆಯ್ತು.

ನಮ್ಮ ಸರ್ಕಾರಿ ಬಸ್ಸು ನೆನಪಿಸ್ಕೊಳ್ಳಿ. ಕಂಡಕ್ಟರ್ ಒಂದು ಸೀಟಿ ಊದಿದ್ರೆ ನಿಲ್ಸು, ಎರಡು ಊದಿದ್ರೆ ರೈಟ್. ಡ್ರೈವರ್ ತಿರುಗಿ ನೋಡಲ್ಲ, ಸೀಟಿ ಕೇಳ್ತು, ಗೇರ್ ಹಾಕ್ದ. ಹಿಂದೆ ಯಾವುದೋ ಮಗು ಪೀಪಿ ಊದಿದ್ರೂ ಬಸ್ಸು ಹೊರಡತ್ತೆ, ಅಜ್ಜಿ ಇನ್ನೂ ಫುಟ್‌ಬೋರ್ಡ್ ಮೇಲೇ ಇರ್ತಾಳೆ. ವಾಲ್ವ್‌ನ ಮೋಟಾರ್ ಆ ಡ್ರೈವರ್. ಊದಿದ್ದು ಕಂಡಕ್ಟರೋ ಬೆಂಕಿಯೋ ಅಂತ ಕೇಳೋ ಶಕ್ತಿ ಅದಕ್ಕಿಲ್ಲ. ಇದೂ ಸಾಲದು ಅಂದ್ರೆ ಕುಂದಾಪುರದ ಕಡೆ ಉಪ್ಪಿನಕುದ್ರಿನ ಸೂತ್ರದ ಗೊಂಬೆ ನೆನೆಸ್ಕೊಳ್ಳಿ. ಸೂತ್ರ ಕಡಿದ್ರೆ ಗೊಂಬೆಯ ಕೈ ಜೋತು ಬೀಳತ್ತೆ, ನೋಡೋರಿಗೂ ಏನೋ ಆಯ್ತು ಅಂತ ಗೊತ್ತಾಗತ್ತೆ. ಆದ್ರೆ ಸೂತ್ರಗಳು ಒಂದಕ್ಕೊಂದು ಸಿಕ್ಕಾಕ್ಕೊಂಡ್ರೆ? ತಲೆ ಅಲ್ಲಾಡಿಸೋಕೆ ಎಳೆದ್ರೆ ಕತ್ತಿ ಹಿಡಿದ ಕೈ ಎದ್ದೇಳತ್ತೆ. ಕಡಿಯೋದಕ್ಕಿಂತ ಸಿಕ್ಕಾಗೋದು ಕೆಟ್ಟದ್ದು. ಮನೆ ಕಾಲಿಂಗ್ ಬೆಲ್ಲೂ ಅಷ್ಟೇ, ಮಳೆಗಾಲದಲ್ಲಿ ಸ್ವಿಚ್ ಒಳಗೆ ನೀರು ಹೋಗಿ ತಾನಾಗೇ ಬಡ್ಕೊಳ್ಳತ್ತೆ, ಅದನ್ನ ದೆವ್ವ ಅಂತ ಹೇಳೋ ಮನೆಗಳನ್ನೂ ನಾನು ನೋಡಿದೀನಿ, ಎರಡು ತಂತಿ ಮಧ್ಯೆ ಒಂದು ಹನಿ ನೀರು, ದೆವ್ವ ಅಂದ್ರೆ ಇಷ್ಟೇ.

ಹಾಟ್ ಶಾರ್ಟ್ ಸಾಮಾನ್ಯವಾಗಿ ಕೆಲವೇ ನಿಮಿಷ ಇರತ್ತೆ, ಆಮೇಲೆ ವೈರ್ ಟ್ರೇಗೆ ತಾಗಿ ಫ್ಯೂಸ್ ಹೋಗತ್ತೆ, ಸುಳ್ಳು ಆರ್ಡರ್ ನಿಲ್ಲತ್ತೆ. ಹಾಗಂತ ಸಮಾಧಾನ ಪಡೋ ಹಾಗಿಲ್ಲ, ಮೋಟಾರ್ ವಾಲ್ವ್ ಅಷ್ಟರಲ್ಲಿ ತೆಗೆದು ನಿಂತಿರತ್ತೆ, ಅದನ್ನ ಮುಚ್ಚೋಕೆ ಬೇಕಾದ ಫ್ಯೂಸೇ ಈಗ ಇಲ್ಲ. ಇನ್ನೂ ಒಂದು ಕ್ರೂರ ಸಾಧ್ಯತೆ ಅಮೆರಿಕದ ನಿಯಂತ್ರಣ ಸಂಸ್ಥೆ ಎನ್‌ಆರ್‌ಸಿ 1992ರಲ್ಲಿ ಎಚ್ಚರಿಸಿದ್ದು. ವಾಲ್ವ್ ಪೂರ್ತಿ ಮುಚ್ಚಿದ್ಮೇಲೆ ಮೋಟಾರ್ ನಿಲ್ಸೋಕೆ ಒಳಗೊಂದು ಟಾರ್ಕ್ ಸ್ವಿಚ್ ಇರತ್ತೆ. ಹಾಟ್ ಶಾರ್ಟ್ ಆ ಸ್ವಿಚ್ಚನ್ನೂ ದಾಟಿ ಕರೆಂಟ್ ಕೊಟ್ರೆ ಮೋಟಾರ್ ತಿರುಗ್ತಾನೇ ಇರತ್ತೆ, ನಲ್ಲಿನ ಕಟ್ಟಿಂಗ್ ಪ್ಲೇಯರ್ ಹಾಕಿ ತಿರುಚಿದ ಹಾಗೆ ವಾಲ್ವೇ ಮುರಿಯತ್ತೆ. ಆಮೇಲೆ ಮನುಷ್ಯ ಹೋಗಿ ಕೈಯಲ್ಲಿ ತಿರುಗಿಸ್ತೀನಿ ಅಂದ್ರೂ ಆಗಲ್ಲ.

ಬ್ರೌನ್ಸ್ ಫೆರಿಗೆ ವಾಪಸ್ ಬರೋಣ. ನೀರಿನ ಮಟ್ಟ ಇಂಧನದ ಮೇಲೆ 200 ಇಂಚು ಇದ್ದಿದ್ದು 48 ಇಂಚಿಗೆ ಇಳೀತು. ಉಳಿಸಿದ್ದು ಸುರಕ್ಷತಾ ವ್ಯವಸ್ಥೆ ಅಂತ ಲೆಕ್ಕದಲ್ಲೇ ಇಲ್ಲದ, ಕಂಟ್ರೋಲ್ ರಾಡ್‌ಗಳಿಗೆ ನೀರು ಕೊಡೋ ಒಂದು ಸಣ್ಣ ಪಂಪು. ಅದು ಹನಿಹನಿಯಾಗಿ ತುಂಬ್ತಾ ಇರುವಾಗ ಆಪರೇಟರ್‌ಗಳು ರಿಲೀಫ್ ವಾಲ್ವ್ ತೆಗೆದು ರಿಯಾಕ್ಟರ್ ಒತ್ತಡ ಇಳಿಸಿ, ಕಮ್ಮಿ ಒತ್ತಡದ ಮಾಮೂಲಿ ಕಂಡೆನ್ಸೇಟ್ ಪಂಪ್‌ನಿಂದ ನೀರು ಹಾಕಿದ್ರು. ಅತ್ತ ಬೆಂಕಿಗೆ ಕಾರ್ಬನ್ ಡೈಆಕ್ಸೈಡ್, ಪುಡಿ ಎಲ್ಲಾ ಹಾಕಿದ್ರೂ ಆರ್ತಿಲ್ಲ, ಆರಿದ ಹಾಗಾಗಿ ಮತ್ತೆ ಏಳತ್ತೆ, ಯಾಕಂದ್ರೆ ಗಾಳಿ ತಡೆದ್ರೂ ಬಿಸಿ ಇಳಿದಿಲ್ಲ. ಅಥೆನ್ಸ್‌ನ ಫೈರ್ ಚೀಫ್ ಮಧ್ಯಾಹ್ನದಿಂದ್ಲೇ ನೀರು ಹಾಕಿ ಅಂತಿದ್ರು. ಕರೆಂಟ್ ಇರೋ ಕಡೆ ನೀರಾ ಅಂತ ಸ್ಥಾವರದವ್ರು ಹಿಂಜರಿದ್ರು. ಸಂಜೆ ಒಪ್ಪಿ ನೀರು ಹಾಕಿದ್ರು, 7.45ಕ್ಕೆ ಬೆಂಕಿ ಪೂರ್ತಿ ಆರಿತ್ತು.

ಎನ್‌ಆರ್‌ಸಿ ಅನ್ನೋ ಸಂಸ್ಥೆಗೆ ಆಗ ಎರಡು ತಿಂಗಳ ವಯಸ್ಸು. 1980ರಲ್ಲಿ ಅದು ಅಪೆಂಡಿಕ್ಸ್ ಆರ್ ಅನ್ನೋ ನಿಯಮ ತಂತು. ತಿರುಳು ಸರಳ: ರಿಯಾಕ್ಟರನ್ನ ನಿಲ್ಸಿ ತಣ್ಣಗಿಡೋಕೆ ಎರಡು ಜೋಡಿ ಕೇಬಲ್ ಇದ್ರೆ, ಒಂದೇ ಬೆಂಕಿಗೆ ಎರಡೂ ಸಿಗಬಾರ್ದು. ಒಂದೋ ಮಧ್ಯೆ ಮೂರು ಗಂಟೆ ಬೆಂಕಿ ತಡೆಯೋ ಗೋಡೆ ಇರ್ಲಿ. ಇಲ್ಲಾ ಇಪ್ಪತ್ತಡಿ ಅಂತರ ಇಡಿ, ಆ ಜಾಗದಲ್ಲಿ ಉರಿಯೋ ವಸ್ತು ಏನೂ ಬೇಡ, ಜೊತೆಗೆ ಹೊಗೆ ಪತ್ತೆ ಯಂತ್ರ, ತಾನಾಗೇ ಬೆಂಕಿ ಆರಿಸೋ ವ್ಯವಸ್ಥೆ ಬೇಕು. ಅದೂ ಆಗದಿದ್ರೆ ಒಂದು ಕೇಬಲ್‌ಗೆ ಒಂದು ಗಂಟೆ ತಡೆಯೋ ಹೊದಿಕೆ ಸುತ್ತಿ, ಯಂತ್ರಗಳು ಇದಕ್ಕೂ ಬೇಕು. ಬ್ರೌನ್ಸ್ ಫೆರಿಯಲ್ಲೂ ಎಲ್ಲಾ ಎರಡೆರಡು ಇತ್ತು, ಕಾಗದದ ಮೇಲೆ ಬೇರೆ ಬೇರೆ, ಗೋಡೇಲಿ ಅಕ್ಕಪಕ್ಕ. ಮನೆಗೆ ಎರಡು ಬೀಗದಕೈ ಮಾಡಿಸಿ ಒಂದೇ ಕೀ ಚೈನ್‌ಗೆ ಹಾಕಿದ ಹಾಗೆ. ನಿಯಮ ಬಂದ್ಮೇಲೂ ಸುಖ ಇರ್ಲಿಲ್ಲ, ಥರ್ಮೋ-ಲ್ಯಾಗ್ ಅಂತ ಒಂದು ಹೊದಿಕೆ ಅಲ್ಲಿನ ಎಷ್ಟೋ ಸ್ಥಾವರಗಳಲ್ಲಿ ಸುತ್ತಿದ್ರು, ಆಮೇಲೆ ಸರಿಯಾಗಿ ಪರೀಕ್ಷೆ ಮಾಡಿದಾಗ ಒಂದು ಗಂಟೆ, ಮೂರು ಗಂಟೆ ಅಂತ ಹೇಳಿದ್ದು ತಾಳ್ಲೇ ಇಲ್ಲ.

ಮನೆಗೆ ಹಾಕೋ ಎಫ್‌ಆರ್ ವೈರ್ ಬಗ್ಗೆ ಒಂದು ಮಾತು, ಅಂಗಡೀಲಿ ಇದನ್ನ ಬೆಂಕಿ ಹತ್ತದ ವೈರ್ ಅಂತಾನೇ ಮಾರ್ತಾರೆ. ಅದರ ಗುಣ ಬೆಂಕಿನ ಮುಂದೆ ಹರಡೋಕೆ ಬಿಡದೇ ಇರೋದು. ಬೆಂಕಿ ಬಿದ್ಮೇಲೂ ವೈರ್ ಕೆಲಸ ಮಾಡ್ತಿರತ್ತೆ ಅಂತ ಅದರ ಅರ್ಥ ಅಲ್ಲವೇ ಅಲ್ಲ, ಒಳಗಿನ ತಾಮ್ರಗಳು ಆಗ್ಲೇ ಒಂದಕ್ಕೊಂದು ತಾಗಿರಬಹುದು. ನಾನಿರೋ ಅಪಾರ್ಟ್‌ಮೆಂಟ್‌ನಲ್ಲಿ ಕರೆಂಟ್ ಕೇಬಲ್ ಮೇಲೆ ಹೋಗೋ ಡಕ್ಟ್‌ನಲ್ಲಿ ಪ್ರತಿ ಮಹಡಿಗೂ ಸಂದು ಮುಚ್ಚಿರಬೇಕಿತ್ತು. ಮುಚ್ಚಿಲ್ಲ, ನೆಲಮಾಳಿಗೆಯಿಂದ ಟೆರೇಸ್‌ವರೆಗೆ ನೇರ ಚಿಮಣಿ. ಅದರೊಳಗೆ ಪೊರಕೆ, ಹಳೇ ಪೇಪರ್, ರಟ್ಟಿನ ಡಬ್ಬ. ಆಯುಧಪೂಜೆ ದಿನ ಅಲ್ಲೇ ಇರೋ ಕರೆಂಟ್ ಪ್ಯಾನೆಲ್ ಮುಂದೆ ಕರ್ಪೂರ ಹಚ್ತಾರೆ. ಪೂಜೆ ಮಾಡಿ, ಬೇಡ ಅನ್ನಲ್ಲ, ಕುಂಬಳಕಾಯಿ ಒಡೀರಿ. ಕರ್ಪೂರ ಮಾತ್ರ ಹೊರಗೆ ಹಚ್ಚಿ ಅಂತ ಮೂರು ವರ್ಷದಿಂದ ಹೇಳ್ತಿದೀನಿ. ದೇವರ ಕರ್ಪೂರದಿಂದ ಕೆಟ್ಟದಾಗಲ್ಲ ಅಂತ ಉತ್ತರ. ಫೋಮ್‌ಗೆ, ರಟ್ಟಿಗೆ, ಪ್ಲಾಸ್ಟಿಕ್‌ಗೆ ಜ್ವಾಲೆ ಯಾವ ದೀಪದ್ದು ಅನ್ನೋದು ಗೊತ್ತಾಗಲ್ಲ.

ನಮ್ಮ ದೇಶದ್ದೇ ಬ್ರೌನ್ಸ್ ಫೆರಿ ಒಂದಿದೆ, ಜಾಸ್ತಿ ಜನಕ್ಕೆ ಗೊತ್ತಿಲ್ಲ. ಉತ್ತರ ಪ್ರದೇಶದಲ್ಲಿ ಗಂಗಾ ದಡದ ನರೋರಾ, 1993ರ ಮಾರ್ಚ್ 31, ಬೆಳಗಿನ ಜಾವ ಮೂರೂವರೆ. ಒಂದನೇ ಯೂನಿಟ್‌ನ ಟರ್ಬೈನ್‌ನಲ್ಲಿ ಎರಡು ಬ್ಲೇಡ್ ಮುರಿದ್ವು, ಆ ಅಲುಗಾಟಕ್ಕೆ ಜನರೇಟರ್ ತಂಪು ಮಾಡೋ ಹೈಡ್ರೋಜನ್ ಹೊರಗೆ ಬಂತು, ಎಣ್ಣೆ ಸೇರ್ಕೊಂಡು ಬೆಂಕಿ, ಬೆಂಕಿ ಹೋಗಿದ್ದು ಕೇಬಲ್‌ಗಳಿಗೆ. ಮುಖ್ಯ ವಿದ್ಯುತ್ತು, ತುರ್ತು ವಿದ್ಯುತ್ತು ಎರಡರ ಕೇಬಲ್‌ಗಳೂ ಬೆಂಕಿ ತಡೆ ಇಲ್ಲದೆ ಒಟ್ಟಿಗೇ ಹೋಗಿದ್ವು. ಡೀಸೆಲ್ ಜನರೇಟರ್‌ಗಳಿಗೆ ಬೆಂಕಿ ತಾಗಿರ್ಲಿಲ್ಲ, ಆದ್ರೂ ಅವುಗಳ ಕರೆಂಟ್ ಬೇಕಾದ ಕಡೆ ಸಿಗ್ಲಿಲ್ಲ. ಇಡೀ ಯೂನಿಟ್ ಸುಮಾರು 17 ಗಂಟೆ ಕತ್ತಲೆ. ಹೊಗೆ ಕಂಟ್ರೋಲ್ ರೂಮ್‌ಗೂ ನುಗ್ಗಿ ಆಪರೇಟರ್‌ಗಳು ಎದ್ದು ಹೊರಗೆ ಬರಬೇಕಾಯ್ತು. ಆ ವರ್ಷ ಕೈಗಾದ ಮೊದಲೆರಡು ಯೂನಿಟ್ ಇನ್ನೂ ಕಟ್ತಾ ಇದ್ರು, ನರೋರಾದ ಥರದ್ದೇ 220 ಮೆಗಾವ್ಯಾಟ್ ಭಾರಜಲ ರಿಯಾಕ್ಟರ್‌ಗಳು. ನರೋರಾ ಆದ್ಮೇಲೆ ನಮ್ಮ ಸ್ಥಾವರಗಳಲ್ಲಿ ಟರ್ಬೈನ್ ಬ್ಲೇಡ್ ಬದಲಾದ್ವು, ಕೇಬಲ್‌ಗಳ ದಾರಿ ಬೇರೆಯಾದ್ವು, ಮಧ್ಯೆ ಬೆಂಕಿ ತಡೆಗಳು ಬಂದ್ವು. 2018ರ ಕೊನೇ ದಿನದವರೆಗೆ 962 ದಿನ ಒಂದೇ ಸಮನೆ ಓಡಿ ಆಗಿನ ವಿಶ್ವದಾಖಲೆ ಮಾಡಿದ ಕೈಗಾ ಒಂದನೇ ಯೂನಿಟ್ ಬಗ್ಗೆ ಹೆಮ್ಮೆ ಪಡೋವಾಗ ನಂಗೆ ನರೋರಾದ ಆ ರಾತ್ರಿ ನೆನಪಾಗತ್ತೆ.

ಆ ರಾತ್ರಿ ರಿಯಾಕ್ಟರ್ ಮೊದಲೇ ನಿಲ್ಸಿದ್ರು, ಆದ್ರೆ ಅದು ನಿಂತೇ ಇರತ್ತೆ ಅನ್ನೋದನ್ನ ತೋರಿಸೋ ಮೀಟರ್ ಒಂದೂ ಇಲ್ಲ. ಕೆಲವ್ರು ಟಾರ್ಚ್ ಹಿಡ್ಕೊಂಡು ರಿಯಾಕ್ಟರ್ ಕಟ್ಟಡದ ಮೆಟ್ಟಿಲು ಹತ್ತಿದ್ರು. ಮೇಲೆ ಬೋರಾನ್ ದ್ರಾವಣ ಇತ್ತು, ಅದು ಒಳಗೆ ಹೋದ್ರೆ ವಿದಳನ ಮತ್ತೆ ಶುರುವಾಗಲ್ಲ. ವಾಲ್ವ್‌ಗಳನ್ನ ಕೈಯಲ್ಲೇ ತಿರುಗಿಸಿದ್ರು, ದ್ರಾವಣ ತನ್ನ ಭಾರಕ್ಕೆ ತಾನೇ ಕೆಳಗಿಳೀತು. ಕೆಳಗಡೆ ಬೇರೆಯವ್ರು ಬೆಂಕಿ ಆರಿಸೋ ಡೀಸೆಲ್ ಪಂಪ್ ಸ್ಟಾರ್ಟ್ ಮಾಡಿ ಆ ನೀರನ್ನ, ರಿಯಾಕ್ಟರ್ ಶಾಖದಿಂದ ಹಬೆ ಮಾಡೋ ಸ್ಟೀಮ್ ಜನರೇಟರ್‌ಗಳಿಗೆ ತಿರುಗಿಸಿದ್ರು. ರಿಯಾಕ್ಟರ್ ಒಳಗಿನ ಬಿಸಿ ಭಾರಜಲ ಪಂಪ್ ಇಲ್ದೇನೇ ಮೇಲಕ್ಕೆ ಏರಿ, ಅಲ್ಲಿ ತಣ್ಣಗಾಗಿ, ತಾನಾಗೇ ಕೆಳಗೆ ಇಳಿದು, ಮತ್ತೆ ಏರ್ತಾ, ಬೆಳಗಾಗಿ, ಮಧ್ಯಾಹ್ನ ಕಳೆದು, ಕರೆಂಟ್ ವಾಪಸ್ ಬರೋವರೆಗೂ ಸುತ್ತುತ್ತಾನೇ ಇತ್ತು.