ಪಂಪಿನ ಮೇಲೆ ‘ಮೂರು’ ಅಂದರೆ ಎಷ್ಟು?

“ಸಾ, ಮಿಷಿನ್ನಲ್ಲಿ ಮೂರು ಅಂತ ಓಡ್ತಾ ಐತಲ್ಲ, ಮೂರು ಅಂದ್ರೆ ಎಷ್ಟು ಔಷ್ದಿ?”

ಪಾಂಡವಪುರದ ಕಡೆಯ ಹುಡುಗನೊಬ್ಬ ಕೇಳಿದ ಪ್ರಶ್ನೆ. ಅವನ ಅಪ್ಪನಿಗೆ ನಡುರಾತ್ರಿ ಉಸಿರು ಕಟ್ಟಿತ್ತು. ಮೊದಲು ಹೋದ ಆಸ್ಪತ್ರೆಯಲ್ಲಿ ರಕ್ತನಾಳ ಸಡಿಲಿಸಿ ಬಿಪಿ ಇಳಿಸುವ ನೈಟ್ರೋಗ್ಲಿಸರಿನ್ ಔಷಧಿಯ ಡ್ರಿಪ್ ಶುರುಮಾಡಿ ಆಂಬುಲೆನ್ಸಿನಲ್ಲಿ ಮೈಸೂರಿಗೆ ಕಳಿಸಿದ್ದರು. ನನ್ನ ಬಳಿ ಉತ್ತರವಿರಲಿಲ್ಲ. ಸಿರಿಂಜಿಗೆ ಸುತ್ತಿದ್ದ ಬಿಳಿ ಪ್ಲಾಸ್ಟರಿನ ಮೇಲೆ ‘ಎನ್‌ಟಿಜಿ’ ಎಂದು ಆ ಔಷಧಿಯ ಚುಟುಕು ಹೆಸರಷ್ಟೇ ಬರೆದಿತ್ತು.

ಸಿರಿಂಜನ್ನು ನಿಧಾನವಾಗಿ ಒತ್ತುವ ಆ ಪಂಪು ತೋರಿಸುವುದು ಗಂಟೆಗೆ ಎಷ್ಟು ಮಿಲಿಲೀಟರ್ ದ್ರವ ಹೋಗುತ್ತಿದೆ ಎಂಬುದನ್ನು. ನಮಗೆ ಬೇಕಾದ್ದು ನಿಮಿಷಕ್ಕೆ ಎಷ್ಟು ಮೈಕ್ರೋಗ್ರಾಂ ಔಷಧಿ ಎಂಬ ಲೆಕ್ಕ. ಸಿರಿಂಜಿನೊಳಗೆ ಏನನ್ನು ಎಷ್ಟಕ್ಕೆ ಬೆರೆಸಿದ್ದಾರೆ ಎಂದು ತಿಳಿಯದೆ ಒಂದರಿಂದ ಇನ್ನೊಂದಕ್ಕೆ ಹೋಗಲು ದಾರಿಯೇ ಇಲ್ಲ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ 5 ಮಿ.ಲೀ. ಆಂಪ್ಯೂಲಿನಲ್ಲಿ 25 ಮಿ.ಗ್ರಾಂ. ಇರುತ್ತದೆ. ಒಂದು ಆಂಪ್ಯೂಲು ಹಾಕಿ 50 ಮಿ.ಲೀ. ಮಾಡಿದ್ದರೆ ‘ಮೂರು’ ಅಂದರೆ ನಿಮಿಷಕ್ಕೆ 25 ಮೈಕ್ರೋಗ್ರಾಂ. ಎರಡು ಹಾಕಿದ್ದರೆ 50. ಎದೆನೋವಿಗೆ ನಾವು ಸಾಮಾನ್ಯವಾಗಿ ಶುರುಮಾಡುವುದೇ 5 ಅಥವಾ 10ರಿಂದ. 3ರಿಂದ 5 ನಿಮಿಷಕ್ಕೊಮ್ಮೆ ಬಿಪಿ ನೋಡುತ್ತಾ ಮೇಲಕ್ಕೆ ಹೋಗುತ್ತೇವೆ. ಶ್ವಾಸಕೋಶದಲ್ಲಿ ನೀರು ತುಂಬಿ ಬಿಪಿ ತೀರಾ ಏರಿದ್ದಾಗ ಹೆಚ್ಚು ಬೇಕಾಗಬಹುದು. ಆದರೆ ಎಷ್ಟು ಹೋಗುತ್ತಿದೆ ಎಂದೇ ಗೊತ್ತಿಲ್ಲದಿದ್ದರೆ ಏರಿಸುವುದು ಹೇಗೆ, ಇಳಿಸುವುದು ಹೇಗೆ? ಅದಕ್ಕೇ ಸಿರಿಂಜಿನ ಮೇಲೆ ಔಷಧಿಯ ಪೂರ್ತಿ ಹೆಸರು, ಎಷ್ಟು ಮಿ.ಗ್ರಾಂ., ಒಟ್ಟು ಎಷ್ಟು ಮಿ.ಲೀ., ಬೆರೆಸಿದ ಹೊತ್ತು, ಬೆರೆಸಿದವರ ಸಹಿ ಇರಲೇಬೇಕೆಂದು ನಾನು ಹಟ ಹಿಡಿಯುತ್ತೇನೆ. ಕೊಳವೆಯ ವಿಷಯವೂ ಇದೆ. ಸಾಮಾನ್ಯ ಪಿವಿಸಿ ಪ್ಲಾಸ್ಟಿಕ್ ಈ ಔಷಧಿಯನ್ನು ಹೀರಿಕೊಳ್ಳುತ್ತದೆ. ಅಲ್ಲಿ ಒಂದು ಬಗೆಯ ಕೊಳವೆ, ಇಲ್ಲಿ ಇನ್ನೊಂದು ಬಗೆ ಆದರೆ, ಪಂಪಿನ ಅಂಕಿ ಅದೇ ಇದ್ದರೂ ರೋಗಿಯ ಮೈಗೆ ಸೇರುವ ಪ್ರಮಾಣ ಬದಲಾಗುತ್ತದೆ.

ಆ ರಾತ್ರಿ ಆತನ ಮೇಲಿನ ಬಿಪಿ 84ಕ್ಕೆ ಇಳಿದಿತ್ತು. ಹಣೆ ತಣ್ಣಗೆ, ಬೆವರು. ಡ್ರಿಪ್ ನಿಲ್ಲಿಸಿ ಕಾಲು ಎತ್ತರಿಸಿದೆವು. ಕೊಳವೆಯಲ್ಲಿ ಉಳಿದಿದ್ದ ಔಷಧಿ ಒಳಗೆ ಹೋಗಬಾರದು ಎಂದು ಅದನ್ನು ಪೂರ್ತಿ ಕಳಚಿ ಹಾಕಿದೆವು. ಅದೇ ಕೊಳವೆಯ ಮೂಲಕ ಬೇರೆ ಇಂಜೆಕ್ಷನ್ ತಳ್ಳಿದರೆ ಒಳಗಿದ್ದದ್ದೆಲ್ಲ ಒಂದೇ ಸಲಕ್ಕೆ ರಕ್ತಕ್ಕೆ ನುಗ್ಗುತ್ತದೆ. ನೈಟ್ರೋಗ್ಲಿಸರಿನ್‌ಗೆ ಪ್ರತ್ಯೇಕ ದಾರಿ ಇರಬೇಕು ಅನ್ನುವುದು ಇದೇ ಕಾರಣಕ್ಕೆ.

ಈ ಔಷಧಿಯಲ್ಲಿ ಒಂದು ಒಳ್ಳೆಯ ಗುಣವಿದೆ: ನಿಲ್ಲಿಸಿದರೆ ಕೆಲವೇ ನಿಮಿಷದಲ್ಲಿ ಅದರ ಪ್ರಭಾವ ಇಳಿಯುತ್ತದೆ. ಆತನಿಗೆ ಹಾಗಾಗಲಿಲ್ಲ. ಹತ್ತು ನಿಮಿಷ ಕಳೆದರೂ ಬಿಪಿ 90 ದಾಟಲಿಲ್ಲ. ಬಲಭಾಗದ ಇಸಿಜಿ ತೆಗೆಸಿದೆ. ಹೃದಯದ ಬಲಭಾಗಕ್ಕೇ ಆಘಾತವಾಗಿದ್ದರೆ ನೈಟ್ರೋಗ್ಲಿಸರಿನ್ ಅಪಾಯ. ಅದು ರಕ್ತನಾಳಗಳನ್ನು ಸಡಿಲಿಸಿ ಹೃದಯಕ್ಕೆ ವಾಪಸ್ ಬರುವ ರಕ್ತವನ್ನು ತಗ್ಗಿಸುತ್ತದೆ. ಕನ್ನಂಬಾಡಿ ಕಟ್ಟೆಗೆ ಒಳಹರಿವು ಇಲ್ಲದಿದ್ದರೆ ವಿ.ಸಿ. ನಾಲೆಗೆ ನೀರೆಲ್ಲಿಂದ ಬರಬೇಕು? ಇಸಿಜಿಯಲ್ಲಿ ಅಂಥದ್ದೇನೂ ಕಾಣಲಿಲ್ಲ.

ಆಮೇಲೆ ಹುಡುಗನ ತಾಯಿಯನ್ನು ಕೇಳಿದೆ. “ಅವ್ರು ಬೇರೆ ಏನಾದ್ರೂ ಮಾತ್ರೆ ತಗೋತಿದ್ರಾ ಅಮ್ಮಾ?” ಬಿಪಿಗೆ ಒಂದು, ಸಕ್ಕರೆಗೆ ಒಂದು ಅಂದರು. ಸ್ವಲ್ಪ ತಡೆದು, “ಮೂತ್ರುದ್ದೊಂದು” ಅಂತ ಸೇರಿಸಿದರು. ಆಧಾರ್ ಕಾರ್ಡಿನ ಜೊತೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟಿದ್ದ ಮಾತ್ರೆ ಪಟ್ಟಿಯ ಚೂರನ್ನು ಬಿಡಿಸಿ ಕೊಟ್ಟರು. ಅಂಗಡಿಯವರು ಕತ್ತರಿಯಿಂದ ಕತ್ತರಿಸಿ ಕೊಟ್ಟಿದ್ದರಿಂದ ಹೆಸರು ಅರ್ಧವೇ ಉಳಿದಿತ್ತು: ‘ಟಡಲಾ’, ಕೆಳಗೆ 5 ಮಿ.ಗ್ರಾಂ.

ಟಡಲಾಫಿಲ್. ಇದನ್ನು ಗಂಡಸರ ‘ಆ’ ಮಾತ್ರೆ ಎಂದಷ್ಟೇ ತಿಳಿದವರು ಬಹಳ. ಪ್ರಾಸ್ಟೇಟ್ ಊತದಿಂದ ಮೂತ್ರದ ತೊಂದರೆ ಇರುವ ಹಿರಿಯರಿಗೂ ಇದನ್ನು ದಿನಾ ಕೊಡುತ್ತಾರೆ. ಶ್ವಾಸಕೋಶದ ರಕ್ತದೊತ್ತಡ ಹೆಚ್ಚಿರುವ ಹೆಂಗಸರಿಗೂ ಇದೇ ಗುಂಪಿನ ಮಾತ್ರೆ ಇರಬಹುದು. ಇದೇ ಗುಂಪಿನ ಸಿಲ್ಡೆನಾಫಿಲ್ ನುಂಗಿ 24 ಗಂಟೆ, ಟಡಲಾಫಿಲ್ ನುಂಗಿ 48 ಗಂಟೆ ಕಳೆಯುವವರೆಗೆ ನೈಟ್ರೋಗ್ಲಿಸರಿನ್ ಕೊಡುವಂತಿಲ್ಲ. ನಾಲಿಗೆಯಡಿಯ ಮಾತ್ರೆಯನ್ನೂ ಇಡುವಂತಿಲ್ಲ. ಎರಡೂ ಸೇರಿದರೆ ಬಿಪಿ ಪಾತಾಳಕ್ಕೆ ಇಳಿಯುತ್ತದೆ. “ಆ ಥರದ ಮಾತ್ರೆ ತಗೋತೀರಾ?” ಎಂದು ಸಂಬಂಧಿಕರ ಮುಂದೆ ಗಟ್ಟಿಯಾಗಿ ಕೇಳಿದರೆ ಯಾವ ಯಜಮಾನರೂ ಹೂಂ ಅನ್ನುವುದಿಲ್ಲ. ನಾನು ಪರದೆ ಎಳೆದು, ಮೆಲ್ಲಗೆ, “ಮೂತ್ರಕ್ಕೆ, ಶಕ್ತಿಗೆ, ಉಸಿರಿಗೆ ಅಂತ ಏನಾದರೂ?” ಎಂದು ಕೇಳುತ್ತೇನೆ. ಮನೆಯವರು ಮಾತ್ರೆಯ ಹೆಸರು ನೆನಪಿಡಬೇಕಿಲ್ಲ. ಡಬ್ಬಿಯಲ್ಲಿದ್ದದ್ದನ್ನೆಲ್ಲ ಹಾಗೇ ಚೀಲಕ್ಕೆ ಸುರಿದುಕೊಂಡು ತನ್ನಿ, ಸಾಕು.

ಡ್ರಿಪ್ ಓಡುತ್ತಿರುವ ಎಲ್ಲರ ಮನೆಯವರಿಗೂ ಇನ್ನೊಂದು ಮಾತು ಹೇಳಬೇಕು. ತಲೆನೋವು ಬರುವುದು ಸಾಮಾನ್ಯ, ಸಿಸ್ಟರಿಗೆ ಹೇಳಿ. ಕಣ್ಣು ಕತ್ತಲೆ, ಬೆವರು, ವಾಕರಿಕೆ ಅಂದರೆ ತಡಮಾಡದೆ ಕೂಗಿ. ಬಾತ್‌ರೂಮಿಗೆ ಎಬ್ಬಿಸಿ ನಡೆಸಬೇಡಿ. ಮಲಗಿದವರು ಥಟ್ಟನೆ ಎದ್ದರೆ ರಕ್ತವೆಲ್ಲ ಕಾಲಿಗಿಳಿದು ಅಲ್ಲೇ ಕುಸಿಯುತ್ತಾರೆ. ಪಂಪು ಕಿರುಗುಟ್ಟಿದರೆ ಗುಂಡಿ ಒತ್ತಿ ಬಾಯಿ ಮುಚ್ಚಿಸಬೇಡಿ. ಸಿರಿಂಜು ಖಾಲಿಯಾಗಿ ಔಷಧಿ ಏಕಾಏಕಿ ನಿಂತರೆ ಬಿಪಿ ಮತ್ತೆ ಏರಬಹುದು, ಎದೆನೋವು ಮರುಕಳಿಸಬಹುದು.

ನಮ್ಮ ರೋಗಿಯ ಬಿಪಿ 110ಕ್ಕೆ ಬರುವಷ್ಟರಲ್ಲಿ ಮುಕ್ಕಾಲು ಗಂಟೆ ಹಿಡಿಯಿತು. ಉಸಿರಾಟಕ್ಕೆ ಮಾಸ್ಕ್ ಹಾಕಿ, ನೀರು ಇಳಿಸುವ ಔಷಧಿಯನ್ನು ಬಿಪಿ ಸ್ಥಿರವಾದ ಮೇಲೆ ಕೊಟ್ಟೆವು. ಬೆಳಗಿನ ಜಾವ ಮೊದಲ ಆಸ್ಪತ್ರೆಯ ಸಿಸ್ಟರ್ ಫೋನಿಗೆ ಸಿಕ್ಕಿದರು. ಎರಡು ಆಂಪ್ಯೂಲು ಹಾಕಿದ್ದೆ ಅಂದರು. ಹುಡುಗ ಹೊರಗೆ ಬೆಂಚಿನ ಮೇಲೆ ಕೂತೇ ಇದ್ದ. “ಮೂರು ಅಂದ್ರೆ ಐವತ್ತು ಕಣಪ್ಪ” ಅಂದೆ.